ಆತ್ಮೋಪಜೀವಿಗಳೂ ತೆರಿಗೆಯ ಅಧಿಕಾರಿಗಳೂ

ಒಬ್ಬನು ಇನ್ನೊಬ್ಬನಿಗೆ ಕೆಲಸಮಾಡಿಕೊಟ್ಟು ಹಣವನ್ನು ಪಡೆಯುವನು. ಹೀಗೆ ಪಡೆದವನು ಕೊಟ್ಟವನ ನೌಕರನೋ, ಅಥವಾ ತನ್ನ ವಿದ್ಯೆಯನ್ನೂ ಉಪಕರಣವನ್ನೂ ನಂಬಿ ಬಾಳುವ ಸ್ವತಂತ್ರನೋ? ಮೇಲುನೋಟಕ್ಕೆ ಇದು ಬರಿಯ ಶಬ್ದಗಳ ಜಗಳವೆಂದು ತೋರಬಹುದು. ಆದರೆ ತೆರಿಗೆಯ ಅಧಿಕಾರಿಯು ಈ ಪ್ರಶ್ನೆಯನ್ನು ಕೇಳಿದೊಡನೆ ಇದು ಹಣದ ಪ್ರಶ್ನೆಯೂ ಮಾನದ ಪ್ರಶ್ನೆಯೂ ಆಗಿಬಿಡುವುದು. ೧೯೪೮ರಲ್ಲಿ ಶಂಕುಸ್ಥಾಪನೆಯಾದ ಜಯನಗರದಿಂದ ಮೊದಲುಗೊಂಡು ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳವರೆಗೆ ಹಬ್ಬಿರುವ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಈ ಪ್ರಶ್ನೆಯು ತಟ್ಟದ ಬೀದಿಯು ಈಗ ದುರ್ಲಭ. ಮಹಡಿಯ ಕೋಣೆಯಲ್ಲಿ ಕುಳಿತು ದೂರದ ಕಂಪನಿಗೆ ಕಂಪ್ಯೂಟರಿನ ಕೆಲಸವನ್ನು ಮಾಡಿಕೊಡುವ ತರುಣಿ, ಬೆಳಗ್ಗೆ ಒಂದು ಆಸ್ಪತ್ರೆಯಲ್ಲಿಯೂ ಸಂಜೆ ಮತ್ತೊಂದರಲ್ಲಿಯೂ ರೋಗಿಗಳನ್ನು ನೋಡುವ ವೈದ್ಯರು, ಮನೆ ಕಟ್ಟಿಸುವವರಿಗೆ ನಕ್ಷೆ ಬರೆದುಕೊಡುವ ಎಂಜಿನಿಯರು, ಊಟದ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುವ ಹುಡುಗ, ಇವರಾರೂ ಹಳೆಯ ಅರ್ಥದಲ್ಲಿ ಸಂಬಳಗಾರರಲ್ಲ. ಹಳೆಯ ಅರ್ಥದಲ್ಲಿ ವರ್ತಕರೂ ಅಲ್ಲ. ಇವರ ವಿಷಯದಲ್ಲಿ ಸರ್ಕಾರವು ಕೇಳುವ ಪ್ರಶ್ನೆ ಎಲ್ಲಿಂದ ಬಂದಿತು, ಅದರಲ್ಲಿ ನ್ಯಾಯವೆಷ್ಟು, ತೊಡಕೆಷ್ಟು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶವು.

೧

ನಮ್ಮ ಪ್ರಾಚೀನ ಶಾಸ್ತ್ರಕಾರರಿಗೆ ಈ ಭೇದವು ತಿಳಿಯದುದಲ್ಲ. ನಾರದಸ್ಮೃತಿಯು ಪರರ ಶುಶ್ರೂಷೆಯನ್ನು ಮಾಡುವವರನ್ನು ಐದು ಬಗೆಯಾಗಿ ವಿಂಗಡಿಸಿ, ಶಿಷ್ಯ, ಅಂತೇವಾಸಿ, ಭೃತಕ, ಅಧಿಕರ್ಮಕೃತ್ ಎಂಬ ನಾಲ್ವರನ್ನು ಕರ್ಮಕರರೆಂದೂ ಐದನೆಯವನನ್ನು ದಾಸನೆಂದೂ ಹೇಳುವುದು. ಶಿಲ್ಪವನ್ನು ಕಲಿಯುವುದಕ್ಕಾಗಿ ಗುರುವಿನ ಮನೆಯಲ್ಲಿದ್ದು ದುಡಿಯುವವನು ಅಂತೇವಾಸಿ. ಕೂಲಿಗಾಗಿ ದುಡಿಯುವವನು ಭೃತಕ. ಉಳಿದ ಆಳುಗಳ ಮೇಲ್ವಿಚಾರಣೆಯನ್ನು ಹೊತ್ತವನು ಅಧಿಕರ್ಮಕೃತ್. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಈ ವಿಭಾಗವನ್ನು ಎತ್ತಿಕೊಂಡು ವಿಚಾರಮಾಡಿರುವನು. ಕೂಲಿಯನ್ನು ಮೊದಲೇ ಗೊತ್ತುಮಾಡದೆ ಆಳನ್ನು ದುಡಿಸಿಕೊಂಡ ಪಕ್ಷದಲ್ಲಿ ವ್ಯಾಪಾರ, ಪಶು, ಪೈರು ಇವುಗಳಿಂದ ಬಂದ ಲಾಭದ ಹತ್ತನೆಯ ಒಂದು ಭಾಗವನ್ನು ಅವನಿಗೆ ಕೊಡಿಸಬೇಕೆಂಬುದು ಯಾಜ್ಞವಲ್ಕ್ಯನ ವಿಧಿ.

ಇವೆಲ್ಲವೂ ವ್ಯವಹಾರಾಧ್ಯಾಯದ ಮಾತುಗಳು. ಎಂದರೆ ಒಡೆಯನಿಗೂ ಆಳಿಗೂ ನಡುವೆ ಬರುವ ವ್ಯಾಜ್ಯಗಳು. ತನ್ನ ಸ್ವಂತ ದುಡಿಮೆಯಿಂದಲೇ ಬದುಕುವವನ ಮಾತಾದರೋ ಬೇರೊಂದು ಕಡೆ ಬರುವುದು. ಗೌತಮನ ಧರ್ಮಸೂತ್ರದಲ್ಲಿಯೂ ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿಯೂ ಕಾರುಗಳು, ಶಿಲ್ಪಿಗಳು, ಆತ್ಮೋಪಜೀವಿಗಳು ಎಂಬವರು ತೆರಿಗೆಗೆ ಬದಲಾಗಿ ತಿಂಗಳಿಗೆ ಒಂದು ದಿನದ ಕೆಲಸವನ್ನು ರಾಜನಿಗೆ ಮಾಡಿಕೊಡತಕ್ಕುದೆಂದು ಹೇಳಿದೆ. ಇದು ರಾಜಧರ್ಮದ ಪ್ರಕರಣ. ಆಳಾದವನ ಮುಂದೆ ಅವನ ಒಡೆಯನು ನಿಂತಿರುವನು. ಆತ್ಮೋಪಜೀವಿಯ ಮುಂದೆ ಯಾರೂ ಇಲ್ಲ, ನೇರವಾಗಿ ರಾಜನೇ ನಿಂತಿರುವನು. ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯು ಇದೇ ಎಂದು ತೋರುತ್ತದೆ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿ ಲೋಕಕ್ಕೆಲ್ಲ ಪರಿಚಯಮಾಡಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕುಶಲಕರ್ಮಿಗಳ ನಿಯಂತ್ರಣವನ್ನು ಹೇಳುವ ಅಧ್ಯಾಯವಿರುವುದು ಕಂಟಕಶೋಧನವೆಂಬ ಅಧಿಕರಣದಲ್ಲಿ. ನೇಯುವವನು, ಅಗಸ, ಅಕ್ಕಸಾಲೆ ಮುಂತಾದವರು ಹೇಳಿದ ವೇಳೆಗೆ ಹೇಳಿದ ರೀತಿಯಲ್ಲಿ ಕೆಲಸವನ್ನು ಮುಗಿಸಿಕೊಡದಿದ್ದರೆ ಎಷ್ಟು ಕೂಲಿ ಹಿಡಿಯಬೇಕು, ಎಷ್ಟು ದಂಡ ಹಾಕಬೇಕು ಎಂಬುದನ್ನೆಲ್ಲ ಆ ಗ್ರಂಥಕಾರನು ಅಲ್ಲಿ ಲೆಕ್ಕಹಾಕಿ ಹೇಳುವನು. ಯಾರ ಕೈಕೆಳಗೂ ಇಲ್ಲದವನನ್ನು ಅನುಮಾನದಿಂದ ನೋಡುವ ಪದ್ಧತಿಯು ಈಚಿನದಲ್ಲ.

೨

ಕನ್ನಡನಾಡಿನ ಶಾಸನಗಳನ್ನು ನೋಡಿದರೆ ಈ ತೆರಿಗೆಗಳ ಸ್ವರೂಪವು ಇನ್ನೂ ಸ್ಪಷ್ಟವಾಗುವುದು. ಮಗ್ಗದೆರೆ, ಗಾಣದೆರೆ, ಮನೆದೆರೆ, ಹೆಜ್ಜುಂಕ, ಕಿರುಕುಳ ಮುಂತಾದ ಹೆಸರುಗಳು ಶಾಸನಗಳನ್ನು ಓದಿದವರಿಗೆ ಪರಿಚಿತವಾದುವು. ಇವುಗಳಲ್ಲಿ ಒಂದು ವಿಶೇಷವುಂಟು. ಅರಸನ ಅಧಿಕಾರಿಯು ನೇಕಾರನ ಆದಾಯವೆಷ್ಟೆಂದು ಕೇಳಲಿಲ್ಲ, ಯಾರಿಗಾಗಿ ನೇಯುತ್ತೀಯೆಂದೂ ಕೇಳಲಿಲ್ಲ. ಮಗ್ಗವೆಷ್ಟೆಂದು ಎಣಿಸಿದನು, ಗಾಣವೆಷ್ಟೆಂದು ಎಣಿಸಿದನು. ಕಣ್ಣಿಗೆ ಕಾಣುವ ಉಪಕರಣವೇ ತೆರಿಗೆಯ ಆಧಾರವಾಗಿದ್ದುದರಿಂದ ನೌಕರನೋ ಸ್ವತಂತ್ರನೋ ಎಂಬ ಸಂದೇಹಕ್ಕೆ ಆಸ್ಪದವೇ ಇರಲಿಲ್ಲ.

ಉಪಕರಣವೇ ಸಣ್ಣದಾಗಿರುವ ವೃತ್ತಿಯವರೂ ಈ ತೆರಿಗೆಗಳಿಂದ ತಪ್ಪಿಸಿಕೊಂಡಿರಲಿಲ್ಲ. ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, ಹದಿನಾರನೆಯ ಶತಮಾನದ ನಡುಭಾಗದಲ್ಲಿ, ಕೊಂಡೋಜನೆಂಬ ಕ್ಷೌರಿಕನು ಅಳಿಯ ರಾಮರಾಯನ ಮೆಚ್ಚುಗೆಯನ್ನು ಪಡೆದು ತನ್ನ ವೃತ್ತಿಯವರಿಗೆಲ್ಲ ತೆರಿಗೆಯನ್ನೂ ಬಿಟ್ಟಿಯನ್ನೂ ಮಾಫಿ ಮಾಡಿಸಿದನೆಂಬುದನ್ನು ಹಲವು ಶಾಸನಗಳು ಸಾರುತ್ತವೆ. ಕತ್ತಿ ಕನ್ನಡಿಗಳ ಹೊರತು ಬೇರೆ ಬಂಡವಾಳವಿಲ್ಲದವರ ತಲೆಯ ಮೇಲೆಯೂ ಭಾರವಿತ್ತೆಂಬುದಕ್ಕೆ ಆ ಮಾಫಿಯೇ ಸಾಕ್ಷಿ. ಆ ಭಾರವು ಇಳಿದುದು ಯಾವ ಲೆಕ್ಕಾಚಾರದಿಂದಲೂ ಅಲ್ಲ, ಅರಸುಮನೆಯವರ ಪ್ರಸನ್ನತೆಯಿಂದ ಎಂಬುದನ್ನೂ ಮರೆಯಬಾರದು.

ಮುಂದೆ ಮೊಹತರ್ಫವೆಂಬ ಪಾರಸೀಕ ಮೂಲದ ಹೆಸರಿನಿಂದ ಇದೇ ಬಗೆಯ ತೆರಿಗೆಯು ದಕ್ಷಿಣ ದೇಶದಲ್ಲಿ ನಡೆದುಬಂದಿತು. ಮಗ್ಗ, ಗಾಣ, ಅಂಗಡಿ, ಮನೆ, ಗಾಡಿ ಇವುಗಳ ಮೇಲಿನ ಈ ತೆರಿಗೆಯು ಮೈಸೂರು ಸೀಮೆಯ ಕಂದಾಯದ ಲೆಕ್ಕಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೂ ಕಾಣಬರುವುದು. ಅದರ ವಂಶದ ಕುಡಿಯೊಂದು ಇಂದಿಗೂ ಉಳಿದಿದೆ. ೧೯೭೬ರ ಕರ್ನಾಟಕ ವೃತ್ತಿ ತೆರಿಗೆಯ ಕಾಯಿದೆಯಂತೆ ನೌಕರನ ತೆರಿಗೆಯನ್ನು ಸಂಬಳ ಕೊಡುವವನೇ ತಿಂಗಳು ತಿಂಗಳು ಹಿಡಿದು ಸರ್ಕಾರಕ್ಕೆ ಕಟ್ಟುವನು. ಸ್ವತಂತ್ರ ವೃತ್ತಿಯವನಾದರೋ ತಾನೇ ಹೆಸರನ್ನು ದಾಖಲುಮಾಡಿಸಿ ವರ್ಷಕ್ಕೊಮ್ಮೆ ಕಟ್ಟಬೇಕು. ಸಂವಿಧಾನದ ೨೭೬ನೆಯ ವಿಧಿಯು ಈ ತೆರಿಗೆಗೆ ವರ್ಷಕ್ಕೆ ೨೫೦ ರೂಪಾಯಿಗಳ ಮಿತಿಯನ್ನಿಟ್ಟಿದ್ದಿತು. ೧೯೮೮ರ ತಿದ್ದುಪಡಿಯಿಂದ ಅದು ೨,೫೦೦ ರೂಪಾಯಿಗಳಾಯಿತು. ಮೊತ್ತವು ಅಲ್ಪವಾದುದರಿಂದ ಇಲ್ಲಿ ಜಗಳ ಕಡಮೆ. ಆದರೆ ಎರಡು ಬಾಗಿಲುಗಳುಳ್ಳ ಮನೆಯ ನಕ್ಷೆಯು ಇಲ್ಲಿಯೇ ಕಾಣುವುದು: ಒಂದು ಬಾಗಿಲಿನಲ್ಲಿ ಯಜಮಾನನು ನಿಂತು ವಸೂಲು ಮಾಡುವನು, ಇನ್ನೊಂದರಲ್ಲಿ ವೃತ್ತಿಯವನು ತಾನೇ ಬಂದು ಕೊಡುವನು.

೩

ಮಗ್ಗವನ್ನು ಎಣಿಸುವುದನ್ನು ಬಿಟ್ಟು ಆದಾಯವನ್ನು ಎಣಿಸುವ ಪದ್ಧತಿಯು ಬ್ರಿಟಿಷ್ ಭಾರತದಲ್ಲಿ ೧೮೬೦ರಲ್ಲಿ ಆರಂಭವಾಯಿತು. ೧೮೫೭ರ ದಂಗೆಯಿಂದ ಬರಿದಾದ ಬೊಕ್ಕಸವನ್ನು ತುಂಬುವುದಕ್ಕಾಗಿ ಜೇಮ್ಸ್ ವಿಲ್ಸನ್ ಎಂಬ ಅರ್ಥಸಚಿವರು ಇದನ್ನು ತಂದರು. ವರ್ಷಕ್ಕೆ ೨೦೦ ರೂಪಾಯಿಗಳಿಂದ ೫೦೦ ರೂಪಾಯಿಗಳೊಳಗಿನ ಆದಾಯಕ್ಕೆ ನೂರಕ್ಕೆ ೨ರಂತೆಯೂ ಅದಕ್ಕೆ ಮೇಲ್ಪಟ್ಟುದಕ್ಕೆ ನೂರಕ್ಕೆ ೪ರಂತೆಯೂ ದರವಿದ್ದಿತು. ಮದರಾಸಿನ ಗವರ್ನರರಾಗಿದ್ದ ಚಾರ್ಲ್ಸ್ ಟ್ರೆವೆಲಿಯನ್ನರು ಇದನ್ನು ಬಹಿರಂಗವಾಗಿ ವಿರೋಧಿಸಿ, ಅದೇ ವರ್ಷ ಹಿಂದಕ್ಕೆ ಕರೆಯಿಸಲ್ಪಟ್ಟರು. ವಿಲ್ಸನ್ನರೂ ಆ ವರ್ಷವೇ ಕಲ್ಕತ್ತೆಯಲ್ಲಿ ತೀರಿಕೊಂಡರು. ತಂದವರು ಹೋದರೂ ತೆರಿಗೆಯು ಹೋಗಲಿಲ್ಲ. ಕೆಲವು ಕಾಲ ನಿಂತು, ಕೆಲವು ಕಾಲ ರೂಪಾಂತರಗೊಂಡು, ೧೮೮೬ರ ಕಾಯಿದೆಯಿಂದ ಸ್ಥಿರವಾಯಿತು. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ಆದಾಯ ತೆರಿಗೆಯ ಶಾಸನವಿದ್ದಿತು. ೧೯೫೦ನೆಯ ಏಪ್ರಿಲ್ ೧ರಿಂದ ಭಾರತದ ಕಾಯಿದೆಯೇ ಇಲ್ಲಿಗೂ ಅನ್ವಯಿಸಿತು.

ಆದಾಯವು ಮಗ್ಗದಂತೆ ಕಣ್ಣಿಗೆ ಕಾಣುವ ವಸ್ತುವಲ್ಲ. ಸಂಬಳಗಾರನ ಆದಾಯವನ್ನು ತಿಳಿಯುವುದು ಸುಲಭ. ಸಂಬಳ ಕೊಡುವವನ ಪುಸ್ತಕವನ್ನು ನೋಡಿದರೆ ಸಾಕು. ಆದುದರಿಂದ ೧೯೨೨ರ ಕಾಯಿದೆಯೇ ಸಂಬಳದಲ್ಲಿ ತೆರಿಗೆಯನ್ನು ಹಿಡಿದುಕೊಂಡು ಕೊಡುವ ಭಾರವನ್ನು ಯಜಮಾನನ ಮೇಲೆ ಹೊರಿಸಿತು. ಸ್ವತಂತ್ರ ವೃತ್ತಿಯವರಿಗೆ ಇಂಥ ಯಜಮಾನನೇ ಇಲ್ಲ. ಒಬ್ಬ ವಕೀಲರಿಗೆ ನೂರು ಮಂದಿ ಕಕ್ಷಿಗಾರರು. ಆ ನೂರು ಕಡೆಯ ಲೆಕ್ಕವನ್ನು ಯಾರು ಕೂಡಿಸುವರು? ಈ ತೊಡಕನ್ನು ಬಿಡಿಸಲು ಸರ್ಕಾರವು ಕಂಡುಕೊಂಡ ಉಪಾಯವೆಂದರೆ ಹಣ ಕೊಡುವ ಪ್ರತಿಯೊಂದು ಸಂಸ್ಥೆಯನ್ನೂ ವಸೂಲಿಯ ಶಾನುಭೋಗನನ್ನಾಗಿ ಮಾಡಿದುದು. ೧೯೬೧ರ ಆದಾಯ ತೆರಿಗೆ ಕಾಯಿದೆಗೆ ೧೯೭೨ರಲ್ಲಿ ೧೯೪ಸಿ ಎಂಬ ಪ್ರಕರಣವನ್ನು ಸೇರಿಸಿ ಗುತ್ತಿಗೆದಾರರಿಗೆ ಕೊಡುವ ಹಣದಲ್ಲಿಯೂ, ೧೯೯೫ನೆಯ ಜುಲೈ ತಿಂಗಳಿಂದ ೧೯೪ಜೆ ಎಂಬ ಪ್ರಕರಣದಂತೆ ವೈದ್ಯರು, ವಕೀಲರು, ಎಂಜಿನಿಯರು ಮುಂತಾದ ವೃತ್ತಿಯವರಿಗೆ ಕೊಡುವ ಹಣದಲ್ಲಿಯೂ ಒಂದು ಭಾಗವನ್ನು ಮೂಲದಲ್ಲಿಯೇ ಹಿಡಿಯತಕ್ಕುದೆಂದು ವಿಧಿಸಲಾಯಿತು. ಸಂಬಳಕ್ಕೆ ೧೯೨ನೆಯ ಪ್ರಕರಣವು ಮೊದಲಿನಂತೆಯೇ ಇದ್ದಿತು. ೨೦೨೫ರ ಹೊಸ ಆದಾಯ ತೆರಿಗೆ ಕಾಯಿದೆಯು ೨೦೨೬ನೆಯ ಏಪ್ರಿಲ್ ೧ರಿಂದ ನಡೆಯತಕ್ಕುದೆಂದು ಹೇಳಿ ಈ ಪ್ರಕರಣಗಳ ಸಂಖ್ಯೆಗಳನ್ನು ಬದಲಾಯಿಸಿದೆಯೇ ಹೊರತು ಸಂಬಳಕ್ಕೂ ವೃತ್ತಿಯ ಆದಾಯಕ್ಕೂ ಇರುವ ಭೇದವನ್ನು ಅಳಿಸಿಲ್ಲ.

ಈಗ ಜಗಳದ ಬೀಜವು ವಾಚಕರಿಗೆ ಕಾಣಬಹುದು. ಕೊಡುವವನು ಒಬ್ಬನೇ, ಪಡೆಯುವವನೂ ಒಬ್ಬನೇ; ಆದರೆ ಹಿಡಿಯುವ ದರಗಳು ಎರಡು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಬ್ಬ ವೈದ್ಯರಿಗೆ ೨೦೨೫-೨೬ನೆಯ ಹಣಕಾಸಿನ ವರ್ಷದಲ್ಲಿ ಒಂದೇ ಆಸ್ಪತ್ರೆಯಿಂದ ೩೦ ಲಕ್ಷ ರೂಪಾಯಿಗಳು ಬಂದುವೆನ್ನೋಣ; ಬೇರೆ ಆದಾಯವಿಲ್ಲ. ಅದು ಸಂಬಳವಾದರೆ, ಹೊಸ ಪದ್ಧತಿಯ ದರಗಳಂತೆ ೭೫,೦೦೦ ರೂಪಾಯಿಗಳ ಸಾಮಾನ್ಯ ವಿನಾಯಿತಿಯನ್ನು ಕಳೆದು, ಉಪಕರವೂ ಸೇರಿ ತೆರಿಗೆಯು ೪,೭೫,೮೦೦ ರೂಪಾಯಿಗಳಾಗುವುದು. ಅದು ವೃತ್ತಿಯ ಆದಾಯವಾದರೆ ಆಸ್ಪತ್ರೆಯು ನೂರಕ್ಕೆ ೧೦ರಂತೆ ೩ ಲಕ್ಷವನ್ನು ಹಿಡಿಯುವುದು. ವೈದ್ಯರು ೪೪ಎಡಿಎ ಎಂಬ ಪ್ರಕರಣದಂತೆ ಬಂದ ಹಣದ ಅರ್ಧವನ್ನು ಲಾಭವೆಂದು ತೋರಿಸಿದ ಪಕ್ಷದಲ್ಲಿ ಕಟ್ಟಬೇಕಾದ ತೆರಿಗೆಯು ೧,೦೯,೨೦೦ ರೂಪಾಯಿಗಳು ಮಾತ್ರ. ಉಳಿದುದು ಹಿಂದಕ್ಕೆ ಬರುವುದು. ಹೆಸರು ಬದಲಾದುದರಿಂದಲೇ ಮೂರೂವರೆ ಲಕ್ಷಕ್ಕೂ ಮಿಕ್ಕ ಅಂತರ! ಸ್ವತಂತ್ರನಿಗೆ ಉಪಕರಣ, ಬಾಡಿಗೆ, ಸಹಾಯಕರ ಕೂಲಿ ಮುಂತಾದ ವೆಚ್ಚಗಳುಂಟೆಂಬುದೇ ಈ ರಿಯಾಯಿತಿಗೆ ಕಾರಣ, ಅದು ನ್ಯಾಯವೇ. ಆದರೆ ಅಂಥ ವೆಚ್ಚವೊಂದೂ ಇಲ್ಲದ ನೌಕರನು ಹೆಸರನ್ನು ಮಾತ್ರ ಬದಲಾಯಿಸಿಕೊಂಡು ಈ ಬಾಗಿಲಿನಿಂದ ಹೋದರೆ ಅಧಿಕಾರಿಯು ತಡೆಯುವುದೂ ನ್ಯಾಯವೇ. ಹಾಗೆ ತಡೆದಾಗ ಪ್ರಶ್ನೆಯು ಮೊದಲು ಹೋಗುವುದು ದುಡಿದವನ ಬಳಿಗಲ್ಲ, ನೇಮಿಸಿಕೊಂಡವನ ಬಳಿಗೆ. ಹಿಡಿಯಬೇಕಾದ ತೆರಿಗೆಯನ್ನು ಹಿಡಿಯಲಿಲ್ಲವೆಂದು ಅವನನ್ನೇ ತಪ್ಪಿತಸ್ಥನೆಂದು ಎಣಿಸಿ, ೧೯೬೧ರ ಕಾಯಿದೆಯ ೨೦೧ನೆಯ ಪ್ರಕರಣದಂತೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿಯನ್ನೂ ಹಾಕಲಾಗುವುದು.

೪

ಈ ಪ್ರಶ್ನೆಯು ನಮ್ಮ ಬೆಂಗಳೂರಿನಲ್ಲಿಯೇ ಪೂರ್ಣವಾಗಿ ಚರ್ಚಿತವಾದುದು ಮಣಿಪಾಲ್ ಹೆಲ್ತ್ ಸಿಸ್ಟಮ್ಸ್ ಸಂಸ್ಥೆಯ ಮೊಕದ್ದಮೆಯಲ್ಲಿ. ಆ ಸಂಸ್ಥೆಯು ತನ್ನ ಆಸ್ಪತ್ರೆಯ ಕನ್ಸಲ್ಟೆಂಟ್ ವೈದ್ಯರಿಗೆ ಕೊಟ್ಟ ಹಣದಲ್ಲಿ ವೃತ್ತಿಯವರ ದರದಂತೆ ತೆರಿಗೆಯನ್ನು ಹಿಡಿದು ಕಟ್ಟಿದ್ದಿತು. ಇವರು ನಿಜವಾಗಿ ನೌಕರರು, ಸಂಬಳದ ಪ್ರಕರಣದಂತೆ ಹಿಡಿಯಬೇಕಾಗಿದ್ದಿತು ಎಂಬುದು ಆದಾಯ ತೆರಿಗೆ ಇಲಾಖೆಯ ವಾದ. ಆಸ್ಪತ್ರೆಯ ಕಟ್ಟುಪಾಡುಗಳಿಗೆ ಒಳಪಟ್ಟು, ಆಸ್ಪತ್ರೆಯ ಯಂತ್ರಗಳನ್ನು ಬಳಸಿ, ಆಸ್ಪತ್ರೆಯ ರೋಗಿಗಳನ್ನು ನೋಡುವವರನ್ನು ಸ್ವತಂತ್ರರೆನ್ನಬಹುದೆ ಎಂಬ ಸಂದೇಹವು ಅಸಹಜವಾದುದಲ್ಲ. ಮೇಲ್ಮನವಿಯ ನ್ಯಾಯಮಂಡಲಿಯು ಸಂಸ್ಥೆಯ ಪರವಾಗಿ ತೀರ್ಮಾನಿಸಿತು. ಇಲಾಖೆಯು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ೨೦೧೫ರಲ್ಲಿ ಉಚ್ಚ ನ್ಯಾಯಾಲಯವೂ ಇಲಾಖೆಯ ವಾದವನ್ನು ಒಪ್ಪಲಿಲ್ಲ.

ನ್ಯಾಯಾಲಯವು ಹಿಡಿದ ದಾರಿಯು ಗಮನಾರ್ಹವಾದುದು. ಕರಾರಿನ ಯಾವುದೋ ಒಂದು ವಾಕ್ಯವನ್ನು ಕಿತ್ತು ತೆಗೆದು ನಿರ್ಣಯಿಸದೆ, ಕರಾರನ್ನು ಆದ್ಯಂತವಾಗಿ ಓದಿ ಉಭಯ ಪಕ್ಷಗಳ ಅಭಿಪ್ರಾಯವೇನೆಂಬುದನ್ನು ತಿಳಿಯಬೇಕೆಂಬುದು ಅದರ ತಾತ್ಪರ್ಯ. ಈ ವೈದ್ಯರಿಗೆ ಭವಿಷ್ಯನಿಧಿಯಿಲ್ಲ, ಗ್ರಾಚ್ಯುಯಿಟಿಯಿಲ್ಲ, ರಜೆಗೆ ಬದಲು ಹಣ ಪಡೆಯುವ ಹಕ್ಕಿಲ್ಲ. ನೌಕರನಿಗೆ ಸಹಜವಾದ ಇಂಥ ಸೌಕರ್ಯಗಳಿಲ್ಲದಿರುವುದೂ ಒಂದು ಗುರುತಾಯಿತು. ಕೆಲವು ಕಟ್ಟುಪಾಡುಗಳಿದ್ದ ಮಾತ್ರಕ್ಕೆ ಸ್ವತಂತ್ರನು ಸೇವಕನಾಗುವುದಿಲ್ಲ. ಇದು ಸೇವಕತ್ವದ ಕರಾರಲ್ಲ, ಸೇವೆಯನ್ನು ಒದಗಿಸುವ ಕರಾರು ಎಂದು ನ್ಯಾಯಾಲಯವು ನಿರ್ಣಯಿಸಿತು.

ಮೀಮಾಂಸಾ ಮಾರ್ಗವನ್ನು ಬಲ್ಲವರಿಗೆ ಈ ರೀತಿಯು ಹೊಸತೆನಿಸದು. ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ಉಪಕ್ರಮೋಪಸಂಹಾರಗಳು, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ನಮ್ಮ ಹಿರಿಯರು ಹೇಳಿರುವರು. ಮೊದಲಿಗೂ ಕೊನೆಗೂ ಹೊಂದಿಕೆಯಿದೆಯೇ, ಪದೇಪದೇ ಹೇಳಿದುದೇನು, ಫಲವು ಯಾರಿಗೆ ಸೇರುವುದು ಎಂದು ನೋಡುವುದೇ ಅದರ ಸಾರ. ಶೀರ್ಷಿಕೆಯನ್ನು ನೋಡಿ ಗ್ರಂಥದ ಅರ್ಥವನ್ನು ಹೇಳುವವನು ಪಂಡಿತನಲ್ಲ. ಅದರಂತೆಯೇ ಕರಾರಿನ ತಲೆಯ ಮೇಲೆ ಬರೆದ ಹೆಸರನ್ನು ನೋಡಿ ಮನುಷ್ಯನ ಸ್ಥಿತಿಯನ್ನು ನಿರ್ಣಯಿಸಲಾಗದು. ನಷ್ಟವಾದಾಗ ಅದು ಯಾರ ಪಾಲಿಗೆ ಬರುವುದು, ಕೆಲಸದ ರೀತಿಯನ್ನು ಗೊತ್ತುಮಾಡುವವರು ಯಾರು ಎಂಬುವೇ ಮುಖ್ಯವಾದ ಪ್ರಶ್ನೆಗಳು.

೫

ಹೆಸರನ್ನು ನಂಬಬಾರದೆಂಬ ಈ ಸೂತ್ರವು ಎರಡು ಮೊನೆಗಳುಳ್ಳುದು. ಅದರ ಇನ್ನೊಂದು ಮೊನೆಯನ್ನು ನೋಡಬೇಕಾದರೆ ಬೆಂಗಳೂರನ್ನು ಬಿಟ್ಟು ನಮ್ಮ ಕರಾವಳಿಯ ಬೀಡಿಯ ಉದ್ಯಮದ ಕಡೆಗೆ ತಿರುಗಬೇಕು. ದಕ್ಷಿಣ ಕನ್ನಡದಲ್ಲಿಯೂ ಕಾಸರಗೋಡಿನಲ್ಲಿಯೂ ಸಾವಿರಾರು ಹೆಂಗಸರು ಎಲೆಯನ್ನೂ ತಂಬಾಕನ್ನೂ ಮನೆಗೆ ತಂದು, ಜಗಲಿಯಲ್ಲಿ ಕುಳಿತು ಬೀಡಿಯನ್ನು ಸುತ್ತಿ, ಸಾವಿರಕ್ಕೆ ಇಷ್ಟೆಂದು ಮಜೂರಿಯನ್ನು ಪಡೆದು ಸಂಸಾರವನ್ನು ಸಾಗಿಸಿದರು. ಇವರು ಕಾರ್ಖಾನೆಗೆ ಬರುವುದಿಲ್ಲ, ಇವರಿಗೆ ಹೊತ್ತಿನ ಕಟ್ಟಿಲ್ಲ, ನಡುವೆ ಕಂತ್ರಾಟುದಾರನಿರುವನು. ಆದುದರಿಂದ ಇವರು ನಮ್ಮ ನೌಕರರಲ್ಲ ಎಂಬುದು ಬೀಡಿ ಉದ್ಯಮದ ಒಡೆಯರ ಹಳೆಯ ವಾದ. ೧೯೬೬ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕುಳಿತು ದುಡಿಯುವವರನ್ನೂ ಕಾರ್ಮಿಕರ ಸಾಲಿಗೆ ಸೇರಿಸಿತು. ಆ ಕಾಯಿದೆಯ ಸಿಂಧುತ್ವವನ್ನು ಪ್ರಶ್ನಿಸಿದವರಲ್ಲಿ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಎಂಬ ಸಂಸ್ಥೆಯೂ ಒಂದು. ೧೯೭೪ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ೧೯೮೫ರಲ್ಲಿ ಪಿ. ಎಂ. ಪಟೇಲ್ ಮತ್ತು ಮಕ್ಕಳ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಸರಿಯಿಲ್ಲದ ಬೀಡಿಯನ್ನು ತಿರಸ್ಕರಿಸುವ ಅಧಿಕಾರವು ಒಡೆಯನ ಕೈಯಲ್ಲಿರುವುದೇ ಹತೋಟಿಯ ಗುರುತೆಂದು ಹೇಳಿ, ಮನೆಯಲ್ಲಿ ಬೀಡಿ ಸುತ್ತುವವರೂ ಭವಿಷ್ಯನಿಧಿಗೆ ಬಾಧ್ಯರೆಂದು ತೀರ್ಮಾನಿಸಿತು.

ಈ ಎರಡನ್ನೂ ಜೊತೆಯಲ್ಲಿಟ್ಟು ನೋಡಬೇಕು. ಮಣಿಪಾಲದ ವೈದ್ಯರಿಗೆ ಸ್ವಾತಂತ್ರ್ಯವು ನಿಜವಾಗಿಯೂ ಇದ್ದಿತು. ಅವರ ವಿದ್ಯೆಯೇ ಅವರ ಬಂಡವಾಳ. ಆದರೂ ಇಲಾಖೆಯು ಅವರನ್ನು ನೌಕರರೆಂದಿತು. ಬೀಡಿ ಸುತ್ತುವ ಹೆಂಗಸಿಗೆ ಸ್ವಾತಂತ್ರ್ಯವೆಂಬುದು ಹೆಸರಿಗೆ ಮಾತ್ರ. ಎಲೆಯೂ ಒಡೆಯನದು, ತಂಬಾಕೂ ಒಡೆಯನದು, ದರವೂ ಅವನದೇ. ಆದರೂ ಒಡೆಯನು ಅವಳನ್ನು ಸ್ವತಂತ್ರಳೆಂದನು. ವಸೂಲಿಗೆ ಅನುಕೂಲವಾದಾಗ ಸ್ವತಂತ್ರನು ನೌಕರನಾಗುವನು; ಹೊಣೆಯನ್ನು ಕಳಚಿಕೊಳ್ಳಲು ಅನುಕೂಲವಾದಾಗ ನೌಕರನು ಸ್ವತಂತ್ರನಾಗುವನು. ಹೆಸರಿಡುವವನು ತನ್ನ ಲಾಭವನ್ನು ನೋಡಿ ಹೆಸರಿಡುವನು. ಆದುದರಿಂದಲೇ ಹೆಸರಿಡದ ಮೂರನೆಯವನೊಬ್ಬನು, ಎಂದರೆ ನ್ಯಾಯಾಧೀಶನು, ಬೇಕಾಗುವುದು.

೬

ಇದು ನಮ್ಮ ದೇಶದ ತೊಡಕು ಮಾತ್ರವೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ ೧೯೯೯ನೆಯ ಮಾರ್ಚಿ ತಿಂಗಳ ಆಯವ್ಯಯದ ಕಾಲದಲ್ಲಿ ಪ್ರಕಟವಾದ ಒಂದು ಪ್ರಕಟಣೆಯ ಸಂಖ್ಯೆಯಿಂದ ಐ. ಆರ್. ೩೫ ಎಂದು ಹೆಸರಾದ ನಿಯಮಗಳು ೨೦೦೦ದ ಏಪ್ರಿಲಿನಿಂದ ಜಾರಿಗೆ ಬಂದುವು. ತಾನೇ ಒಂದು ಕಂಪನಿಯನ್ನು ಸ್ಥಾಪಿಸಿಕೊಂಡು, ಅದರ ಮೂಲಕ ಒಬ್ಬನೇ ಒಡೆಯನಿಗೆ ನೌಕರನಂತೆ ದುಡಿಯುವವನಿಂದ ನೌಕರನ ತೆರಿಗೆಯನ್ನೇ ಪಡೆಯಬೇಕೆಂಬುದು ಅವುಗಳ ಉದ್ದೇಶ. ಮೊದಲು ದುಡಿಯುವವನೇ ತನ್ನ ಸ್ಥಿತಿಯನ್ನು ನಿರ್ಣಯಿಸಿಕೊಳ್ಳಬೇಕಾಗಿದ್ದಿತು. ೨೦೧೭ರಲ್ಲಿ ಸರ್ಕಾರಿ ಸಂಸ್ಥೆಗಳ ಮಟ್ಟಿಗೂ ೨೦೨೧ರಲ್ಲಿ ದೊಡ್ಡ ಹಾಗೂ ಮಧ್ಯಮ ಗಾತ್ರದ ಖಾಸಗಿ ಸಂಸ್ಥೆಗಳ ಮಟ್ಟಿಗೂ ಆ ಭಾರವು ನೇಮಿಸಿಕೊಳ್ಳುವವರ ಮೇಲೆ ಬಿದ್ದಿತು. ೨೦೨೨ರ ಸೆಪ್ಟೆಂಬರಿನಲ್ಲಿ ಈ ಬದಲಾವಣೆಯನ್ನು ರದ್ದುಮಾಡುವುದಾಗಿ ಅಲ್ಲಿಯ ಸರ್ಕಾರವು ಸಾರಿ, ಮರುತಿಂಗಳೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ನಮ್ಮ ಮನೆಗಳಿಂದ ಅಲ್ಲಿಗೆ ಹೋಗಿ ಕಂಪ್ಯೂಟರಿನ ಕೆಲಸದಲ್ಲಿರುವ ತರುಣರಿಗೆ ಈ ಸಂಖ್ಯೆಯು ಚೆನ್ನಾಗಿ ಪರಿಚಿತವಾದುದು.

ಬೆಂಗಳೂರಿನಲ್ಲಾದರೋ ಪರಿಶೀಲನೆಯ ಕೈಯು ಈಗ ಬಹಳ ಉದ್ದವಾಗಿದೆ. ಇಡೀ ದೇಶದ ಆದಾಯ ತೆರಿಗೆಯ ವಿವರಗಳನ್ನು ಯಂತ್ರದಲ್ಲಿ ಸಂಸ್ಕರಿಸುವ ಕೇಂದ್ರವು ೨೦೦೯ರಲ್ಲಿ ಸ್ಥಾಪಿತವಾದುದು ನಮ್ಮ ನಗರದಲ್ಲಿಯೇ. ಕೊಟ್ಟವನು ಮೂರು ತಿಂಗಳಿಗೊಮ್ಮೆ ಸಲ್ಲಿಸಿದ ಪಟ್ಟಿಯನ್ನೂ ಪಡೆದವನು ವರ್ಷಕ್ಕೊಮ್ಮೆ ಸಲ್ಲಿಸಿದ ಲೆಕ್ಕವನ್ನೂ ಯಂತ್ರವು ಕ್ಷಣಮಾತ್ರದಲ್ಲಿ ಹೋಲಿಸುವುದು. ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು ೨೦೨೫ನೆಯ ಜುಲೈ ತಿಂಗಳಲ್ಲಿ ಯು. ಪಿ. ಐ. ಮೂಲಕ ಬಂದ ಹಣದ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ಸಾವಿರಾರು ಸಣ್ಣ ವರ್ತಕರಿಗೆ ನೋಟೀಸುಗಳನ್ನು ಕಳುಹಿಸಿತು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ ೪೦ ಲಕ್ಷ, ಸೇವೆಗೆ ೨೦ ಲಕ್ಷ ರೂಪಾಯಿಗಳನ್ನು ಮೀರಿದ ವಹಿವಾಟಿಗೆ ಜಿ. ಎಸ್. ಟಿ. ನೋಂದಣಿ ಬೇಕೆಂಬುದು ನಿಯಮ. ತರಕಾರಿ, ಹಾಲು ಮುಂತಾದ ತೆರಿಗೆಯಿಲ್ಲದ ವಸ್ತುಗಳನ್ನು ಮಾರುವವರಿಗೂ ನೋಟೀಸು ಹೋದುದರಿಂದ ಕಳವಳವು ಹಬ್ಬಿ, ಅನೇಕ ಅಂಗಡಿಗಳಲ್ಲಿ ಹಣ ಪಡೆಯುವ ಸಂಕೇತಪಟಗಳು ಮಾಯವಾಗಿ ನಗದು ಮಾತ್ರವೆಂಬ ಚೀಟಿಗಳು ಕಾಣಿಸಿಕೊಂಡುವು. ಮುಖ್ಯಮಂತ್ರಿಗಳು ವರ್ತಕರ ಪ್ರತಿನಿಧಿಗಳೊಡನೆ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲುಮಾಡುವುದಿಲ್ಲವೆಂದೂ ನೋಂದಣಿಯನ್ನು ಮಾಡಿಸಿಕೊಳ್ಳತಕ್ಕುದೆಂದೂ ಹೇಳಿದ ಮೇಲೆ ಕಾವು ಇಳಿಯಿತು. ಮಗ್ಗವನ್ನು ಎಣಿಸುತ್ತಿದ್ದ ಕಾಲವು ಮುಗಿದು ಅಂಗೈಯಲ್ಲಿನ ಫೋನನ್ನು ಎಣಿಸುವ ಕಾಲವು ಬಂದಿದೆ. ಆದರೆ ಫೋನಿಗೆ ಬಂದ ಹಣವೆಲ್ಲ ಆದಾಯವಲ್ಲ; ಸೋದರಳಿಯನು ತೀರಿಸಿದ ಕೈಗಡವೂ ಅದರಲ್ಲಿರುವುದು. ಎಣಿಕೆಯು ಸುಲಭವಾದಷ್ಟೂ ವಿವೇಚನೆಯು ಹೆಚ್ಚಾಗಬೇಕು.

ಇನ್ನು ಊಟದ ಪೊಟ್ಟಣವನ್ನು ತರುವ ಹುಡುಗನ ವಿಷಯ. ಕಂಪನಿಗಳು ಅವನನ್ನು ಪಾಲುಗಾರನೆಂದು ಕರೆಯುವುವು. ದರವನ್ನು ಗೊತ್ತುಮಾಡುವುದು ಕಂಪನಿ. ಬೈಕು, ಪೆಟ್ರೋಲು, ಬಿದ್ದರೆ ಮುರಿಯುವ ಕಾಲು, ಇವು ಅವನವು. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯು ಇಂಥವರನ್ನು ಯಜಮಾನ ಮತ್ತು ನೌಕರರ ಸಾಂಪ್ರದಾಯಿಕ ಸಂಬಂಧದ ಹೊರಗಿನವರೆಂದೇ ವಿವರಿಸಿ ಅವರಿಗೊಂದು ಹೆಸರನ್ನು ಕೊಟ್ಟಿತು. ಕರ್ನಾಟಕವು ೨೦೨೫ರಲ್ಲಿ ಮಾಡಿದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆಯಂತೆ ಅವರಿಗೆ ಕೊಡುವ ಪ್ರತಿಯೊಂದು ಪಾವತಿಯ ಮೇಲೆ ನೂರಕ್ಕೆ ೧ರಿಂದ ೫ರವರೆಗಿನ ಶುಲ್ಕವನ್ನು ಕಂಪನಿಯಿಂದ ವಸೂಲುಮಾಡಿ ಒಂದು ಕ್ಷೇಮನಿಧಿಗೆ ಸೇರಿಸಬಹುದಾಗಿದೆ. ನೌಕರನೋ ಸ್ವತಂತ್ರನೋ ಎಂಬ ಪ್ರಶ್ನೆಯನ್ನು ಬಗೆಹರಿಸದೆಯೇ, ಹೊಣೆಯಲ್ಲಿ ಒಂದಂಶವನ್ನು ಲಾಭ ಪಡೆಯುವವನ ಮೇಲಿಡುವ ಈ ಪ್ರಯತ್ನವು ವಿಚಾರಾರ್ಹವಾದುದು. ಸರ್ಕಾರವು ಮೂಲದಲ್ಲಿಯೇ ಹಣವನ್ನು ಹಿಡಿಯುವ ಉಪಾಯವನ್ನು ಬೊಕ್ಕಸಕ್ಕಾಗಿ ಕಂಡುಹಿಡಿಯಿತು. ಅದೇ ಉಪಾಯವನ್ನು ದುಡಿಯುವವನ ಆಪತ್ಕಾಲಕ್ಕಾಗಿಯೂ ಬಳಸಬಹುದೆಂಬುದಕ್ಕೆ ಇದು ದೃಷ್ಟಾಂತ.

೭

ಮೇಲೆ ಹೇಳಿದುದರಿಂದ ಕೆಲವು ಮಾತುಗಳು ಸಿದ್ಧಿಸುವುವು. ತೆರಿಗೆಯನ್ನು ತಪ್ಪಿಸುವುದಕ್ಕಾಗಿ ವೇಷಹಾಕಿದ ನೌಕರನನ್ನು ಪತ್ತೆಹಚ್ಚುವುದು ಸರ್ಕಾರದ ಧರ್ಮ. ಅದಿಲ್ಲದಿದ್ದರೆ ವೇಷಹಾಕದ ಸಂಬಳಗಾರನೊಬ್ಬನೇ ಭಾರವನ್ನು ಹೊರಬೇಕಾಗುವುದು. ಆದರೆ ನೌಕರನೋ ಸ್ವತಂತ್ರನೋ ಎಂಬ ನಿರ್ಣಯವು ಅಧಿಕಾರಿಗೂ ನ್ಯಾಯಮಂಡಲಿಗೂ ಭಿನ್ನವಾಗಿ ತೋರುವಷ್ಟು ಸೂಕ್ಷ್ಮವಾದುದೆಂಬುದನ್ನು ಮೇಲಿನ ಮೊಕದ್ದಮೆಯೇ ತೋರಿಸಿದೆ. ಅಷ್ಟು ಸೂಕ್ಷ್ಮವಾದುದನ್ನು ಸಣ್ಣ ನರ್ಸಿಂಗ್ ಹೋಮಿನ ಗುಮಾಸ್ತನು ತಿಂಗಳ ಕೊನೆಯಲ್ಲಿ ತಪ್ಪಿಲ್ಲದೆ ನಿರ್ಣಯಿಸಬೇಕೆಂದು ಬಯಸುವುದು ಕಠಿಣವೇ ಸರಿ. ಈ ಕಾಠಿನ್ಯವನ್ನು ಕಾನೂನೂ ಸ್ವಲ್ಪ ಮನಗಂಡಿದೆ. ಪಡೆದವನು ತೆರಿಗೆಯನ್ನು ಕಟ್ಟಿದ್ದರೆ ಅದೇ ತೆರಿಗೆಯನ್ನು ಕೊಟ್ಟವನಿಂದ ಮತ್ತೆ ವಸೂಲುಮಾಡಲಾಗದೆಂದು ಸುಪ್ರೀಂ ಕೋರ್ಟು ೨೦೦೭ರಲ್ಲಿ ಹಿಂದೂಸ್ಥಾನ್ ಕೋಕಾಕೋಲಾ ಮೊಕದ್ದಮೆಯಲ್ಲಿ ಹೇಳಿತು; ೨೦೧೨ರಲ್ಲಿ ಅದೇ ತತ್ತ್ವವು, ಬಡ್ಡಿಯ ಮಾತನ್ನು ಬಿಟ್ಟು, ಕಾಯಿದೆಯಲ್ಲಿಯೂ ಸೇರಿತು.

ಭಯದ ಫಲವು ಯಾವಾಗಲೂ ದುರ್ಬಲನ ಮೇಲೆಯೇ ಬೀಳುವುದು. ನೋಟೀಸಿಗೆ ಅಂಜಿದ ಸಂಸ್ಥೆಯು ಒಬ್ಬೊಬ್ಬ ವೃತ್ತಿಯವನನ್ನು ಕರೆಯುವುದನ್ನು ಬಿಟ್ಟು ದೊಡ್ಡ ಕಂಪನಿಗೆ ಗುತ್ತಿಗೆ ಕೊಡುವುದು. ಆ ಕಂಪನಿಯು ಅದೇ ಮನುಷ್ಯನನ್ನು ಕಡಮೆ ಹಣಕ್ಕೆ ಕರೆಯುವುದು. ಹೀಗಾಗದಂತೆ ನೋಡಿಕೊಳ್ಳಬೇಕಾದರೆ ಎರಡು ಕಡೆಯವರಿಗೂ ಕರ್ತವ್ಯವುಂಟು. ಒಬ್ಬ ಮನುಷ್ಯನು ಆದಾಯ ತೆರಿಗೆಗೆ ನೌಕರನಾದರೆ ಭವಿಷ್ಯನಿಧಿಗೂ ನೌಕರನೇ ಆಗಬೇಕು. ಒಂದು ಕಛೇರಿಯಲ್ಲಿ ಸೇವಕ, ಪಕ್ಕದ ಕಛೇರಿಯಲ್ಲಿ ಸ್ವತಂತ್ರ ಎಂಬ ವಿಪರೀತವು ಇರಬಾರದು. ನಮ್ಮ ಮನೆಗಳ ಮಕ್ಕಳೂ ಕೆಲಸಕ್ಕೆ ಒಪ್ಪುವಾಗ ಕೈಗೆ ಬರುವ ಮೊತ್ತವೊಂದನ್ನೇ ನೋಡದೆ ಕರಾರನ್ನು ಆದ್ಯಂತವಾಗಿ ಓದಬೇಕು. ಅದರ ಪ್ರತಿಯನ್ನೂ ರಸೀದಿಗಳನ್ನೂ ಜೋಪಾನವಾಗಿಡಬೇಕು. ಕಾಯಿಲೆ ಬಿದ್ದರೆ, ಕೆಲಸ ನಿಂತರೆ, ಮುಪ್ಪು ಬಂದರೆ ತಮ್ಮನ್ನು ಕಾಯುವವರು ಯಾರೆಂದು ಕೇಳಿಕೊಳ್ಳಬೇಕು. ತಿಂಗಳಿಗೆ ಹತ್ತು ಸಾವಿರ ಹೆಚ್ಚು ಬರುವುದೆಂದು ಸ್ವತಂತ್ರನೆಂಬ ಹೆಸರನ್ನು ಒಪ್ಪಿಕೊಂಡವನು ಆ ಹತ್ತು ಸಾವಿರದಲ್ಲಿ ತನ್ನ ಭವಿಷ್ಯನಿಧಿಯೂ ರಜೆಯೂ ಗ್ರಾಚ್ಯುಯಿಟಿಯೂ ಅಡಗಿರುವುದನ್ನು ಮರೆಯಬಾರದು.

ಆತ್ಮೋಪಜೀವಿಯೆಂಬುದು ಗೌರವದ ಹೆಸರು. ಪರರ ಹಂಗಿಲ್ಲದೆ ತನ್ನ ದುಡಿಮೆಯಿಂದ ಬಾಳುವೆನೆಂಬ ಅಭಿಮಾನವು ಅದರಲ್ಲಿದೆ. ಆ ಹೆಸರನ್ನು ತೆರಿಗೆಯಿಂದ ನುಣುಚಿಕೊಳ್ಳುವುದಕ್ಕೆ ಬಳಸಿದರೂ ದೋಷವೇ, ದುಡಿಯುವವನ ರಕ್ಷಣೆಯಿಂದ ನುಣುಚಿಕೊಳ್ಳುವುದಕ್ಕೆ ಬಳಸಿದರೂ ದೋಷವೇ. ಅಧಿಕಾರಿಗಳೂ ಯಜಮಾನರೂ ಹೆಸರನ್ನು ಬದಿಗಿಟ್ಟು ನಷ್ಟವನ್ನು ಯಾರು ಹೊರುವರೆಂಬುದನ್ನು ನೋಡುವುದನ್ನು ಕಲಿತರೆ ಈ ವ್ಯಾಜ್ಯಗಳಲ್ಲಿ ಬಹುಭಾಗವು ತಾನಾಗಿಯೇ ಕಡಮೆಯಾಗುವುದು. ಸುಜ್ಞರಾದ ವಾಚಕರು ಈ ವಿಷಯವನ್ನು ತಮ್ಮ ತಮ್ಮ ಮನೆಯ ಲೆಕ್ಕದ ಪುಸ್ತಕಗಳೊಡನೆ ಹೋಲಿಸಿ ವಿಮರ್ಶಿಸುವರೆಂದು ನಂಬಿ ಈ ಲೇಖನವನ್ನು ಮುಗಿಸುವೆನು.